ಹಸಿರು ಬಣ್ಣದ ನೆಲ

ಚೊಕ್ಸಾ ಹಿಮನದಿಯ ಶಿಬಿರ, ಲಾಹೌಲ್
4 ಜುಲೈ 2024

ಕುಶಲಾ,

ಬಂದು ಸೇರಿದೆ. ಕುದುರೆಯವನು ಸೀಮೆಎಣ್ಣೆಯ ಡಬ್ಬಿಗಳನ್ನು ಕೆಳಗೇ ಮರೆತು ಬಂದಿದ್ದಾನೆ. ಉಳಿದದ್ದೆಲ್ಲ ಸರಿಯಾಗಿದೆ. ಕರಗುವುದನ್ನು ಅಳೆಯಲು ಹೋದ ವರ್ಷ ಮಂಜುಗಡ್ಡೆಯಲ್ಲಿ ನೆಟ್ಟ ಬಿದಿರುಗಳು ಹೆಚ್ಚಿನವು ಬಿದ್ದಿವೆ. ಕರಗಿದ್ದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಇದನ್ನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಕೆಳಗಿನ ಊರಿನ ಪಂಚಾಯತಿ ಕೋಣೆಯಲ್ಲಿ ನಿನ್ನ ನಕ್ಷೆ ತೂಗುತ್ತಿದೆ. ಲ್ಯಾಮಿನೇಟ್ ಮಾಡಿಸಿದ್ದಾರೆ. ಕೆಳಗೆ ಮಣಿಪಾಲದ ಮೊಹರು, ನಿನ್ನ ಸಹಿ. ಬಿಳಿ ಎಂದರೆ ಹಿಮನದಿ, ಬೂದು ಎಂದರೆ ಬಂಡೆ, ಹಸಿರು ಎಂದರೆ ಸ್ಥಿರ ನೆಲ. ಇಲ್ಲಿಯ ಹೆಂಗಸರು ಬೇಸಗೆಯಲ್ಲಿ ಮಕ್ಕಳನ್ನೂ ದನಗಳನ್ನೂ ಕರೆದುಕೊಂಡು ಮೇಲೆ ಬಂದು ಇರುತ್ತಾರಲ್ಲ, ಆ ಗುಡಿಸಲುಗಳನ್ನು ಈ ಚಳಿಗಾಲದ ಹಿಮಕುಸಿತ ಹೊತ್ತುಕೊಂಡು ಹೋಯಿತು. ಹೊಸದಕ್ಕೆ ಜಾಗ ಹುಡುಕಿದ್ದಾರೆ. ನಕ್ಷೆ ನೋಡಿ ಹುಡುಕಿದ್ದಾರೆ. ಹಿಮನದಿಯ ಮೂತಿಯ ಕೆಳಗೆ, ಹಸಿರಿನಲ್ಲಿ.

ನಿನ್ನೆ ಹೋಗಿ ನೋಡಿದೆ. ಸಮತಟ್ಟು. ಹುಲ್ಲು ಬಂದಿದೆ, ಸಣ್ಣ ಹಳದಿ ಹೂವುಗಳಿವೆ. ಜೊತೆಗೆ ಬಂದ ದೊರ್ಜೆ, ಪಂಚಾಯತಿ ಅಧ್ಯಕ್ಷೆ ಆಂಗ್ಮೊಳ ಮೈದುನ, "ಇಲ್ಲಿ ವಾಲಿಬಾಲ್ ಆಡಬಹುದು ದೀದಿ" ಎಂದ. ನಾನು ಅಗೆದೆ. ಮೊಣಕೈ ಮುಳುಗುವಷ್ಟು ಜಲ್ಲಿ. ಅದರ ಕೆಳಗೆ ಸಲಿಕೆ ಠಣ್ ಎಂದಿತು. ಕಪ್ಪು, ಹಳೆಯ ಮಂಜುಗಡ್ಡೆ.

ನಿನ್ನ ಹಸಿರಿನ ಕೆಳಗೆ ಮಂಜುಗಡ್ಡೆ ಉಂಟು, ಕುಶಲಾ. ಕರಗಿದರೆ ಮೇಲಿನದ್ದು ಕುಸಿದು ಕೂರುತ್ತದೆ.

ಎರಡು ಸಾಲು ಬರೆದು ಕಳಿಸು: ಈ ಜಾಗ ಬೇಡ, ನಕ್ಷೆಯನ್ನು ಹಿಂದೆ ಪಡೆಯುತ್ತೇವೆ. ಸಹಿ, ಮೊಹರು ಇರಲಿ. ಫೋನಿನ ಮಾತನ್ನು ಇವರು ಒಪ್ಪುವುದಿಲ್ಲ. ಹೇಗೂ ಮೇಲೆ ಫೋನೂ ಇಲ್ಲ. ಊರಿನ ಟವರಿನ ಬಳಿ ಇಳಿದು ನಿನಗೆ ಕರೆ ಮಾಡಿದೆ, ನೀನು ಎತ್ತಲಿಲ್ಲ. ಕ್ಲಾಸಿನಲ್ಲಿದ್ದೆಯೋ ಏನೋ.

ಜೋಸ್ಲಿನ್


ಮಣಿಪಾಲ
23 ಜುಲೈ 2024

ಜೋಸ್ಲಿನ್,

ಕಾಗದ ಅರ್ಧ ನೆನೆದು ಬಂತು. ನಿನ್ನ ಕಣಿವೆಯಲ್ಲಿ ಮಳೆಯಿಲ್ಲ ಎಂದ ಮೇಲೆ ಅದು ನಮ್ಮ ಕಡೆಯದೇ ನೀರು. ಲ್ಯಾಬಿನ ಗೋಡೆಗೆ ಬೂಸ್ಟು ಹಿಡಿದಿದೆ. ಕಿಟಕಿಯಾಚೆ ಏನೂ ಕಾಣುವುದಿಲ್ಲ. ನಾವು ಒಳಗೆ ಕುಳಿತು ಹಿಮಾಲಯವನ್ನು ನೋಡುತ್ತಿರುತ್ತೇವೆ. ಇದರಲ್ಲಿರುವ ತಮಾಷೆ ನಿನಗೆ ಹಿಡಿಸುತ್ತದೆಂದು ಗೊತ್ತು.

ನಿನ್ನ ಕರೆಗಳನ್ನು ನೋಡಲಿಲ್ಲ. ಫೋನು ಬ್ಯಾಗಿನಲ್ಲಿತ್ತು.

ನಕ್ಷೆಯ ವಿಷಯ. ನಾವು ಅದನ್ನು ಕಣ್ಣಂದಾಜಿನಲ್ಲಿ ಬರೆದಿಲ್ಲ. ಐದು ವರ್ಷ ಅಂತರದ ಎರಡು ಉಪಗ್ರಹ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ಕಲ್ಲುಗಳು ಎಷ್ಟು ಜರುಗಿವೆ ಎಂದು ಹುಡುಕಿದೆವು. ಹಸಿರಿನೊಳಗೆ ಒಂದೂ ಜರುಗಿಲ್ಲ. ಹರಿಯದಿರುವುದನ್ನು ಹಿಮನದಿ ಎಂದು ಕರೆಯುವುದಿಲ್ಲ. ನಿಜ, ಎತ್ತರದಲ್ಲಿ ವ್ಯತ್ಯಾಸ ಕಂಡಿತ್ತು. ಎರಡನೆಯ ಚಿತ್ರದಲ್ಲಿ ನೆಲ ತಗ್ಗಿದೆ. ಆದರೆ ಮೊದಲನೆಯದು ಚಳಿಗಾಲ ಮುಗಿಯುವಾಗ ತೆಗೆದದ್ದು, ಎರಡನೆಯದು ಸೆಪ್ಟೆಂಬರಿನದು. ನಡುವಿನ ವ್ಯತ್ಯಾಸ ಮೇಲೆ ಬಿದ್ದ ಹಿಮ, ಅಷ್ಟೆ. ಅದನ್ನು ಕಳೆದೆ. ನಮ್ಮ ಕಾಪುವಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆಟಿ ತಿಂಗಳ ಮಳೆಯಲ್ಲಿ ಕಡಲು ತೆಂಗಿನ ಬುಡದವರೆಗೆ ಮರಳು ತಿನ್ನುತ್ತದೆ, ದೀಪಾವಳಿಯ ಹೊತ್ತಿಗೆ ತಂದು ಹಾಕುತ್ತದೆ. ಆಟಿಯಲ್ಲಿ ಅಳೆದವನು ಊರು ಬಿಡುತ್ತಾನೆ. ನಮ್ಮವರು ಯಾರೂ ಬಿಟ್ಟಿಲ್ಲ.

ಎರಡು ಸಾಲು ಎಂದು ನೀನು ಬರೆದಿದ್ದೀ. ಆ ನಕ್ಷೆ ನನ್ನ ವಿದ್ಯಾರ್ಥಿನಿ ಪ್ರಣೀತಾಳ ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯ. ಸೆಪ್ಟೆಂಬರಿನಲ್ಲಿ ಒಪ್ಪಿಸಬೇಕು. ನಾಲ್ಕು ವರ್ಷ ನನ್ನ ಕೋಣೆಯ ಮೂಲೆಯಲ್ಲಿ ಕುಳಿತು ದುಡಿದ ಹುಡುಗಿ. ನೀನು ಒಂದು ಗುಂಡಿ ಅಗೆದದ್ದಕ್ಕೆ ನಾನು ಅದನ್ನು ಹರಿಯಲಾರೆ. ಅಗೆದ ಜಾಗದ ಅಕ್ಷಾಂಶ ರೇಖಾಂಶ ಕಳಿಸು. ಮೋಡ ಸರಿದ ಮೇಲೆ ಹೊಸ ಚಿತ್ರ ಸಿಗುತ್ತದೆ, ನೋಡೋಣ.

ಅಲ್ಲಿ ಬಿಸಿಲು ಇದ್ದರೆ ಸ್ವಲ್ಪ ಇತ್ತ ಕಳಿಸು.

ಕುಶಲಾ


ಚೊಕ್ಸಾ ಶಿಬಿರ
9 ಆಗಸ್ಟ್ 2024

ಕುಶಲಾ,

ಗುಂಡಿಗಳ ಅಕ್ಷಾಂಶ ರೇಖಾಂಶಗಳನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಈಗ ಒಂದಲ್ಲ, ಸುತ್ತ ಎಲ್ಲ ಕಡೆ ಅಗೆದಿದ್ದೇನೆ. ಅಗೆದಲ್ಲೆಲ್ಲ ಮಂಜುಗಡ್ಡೆ. ಮೋಡ ಸರಿಯುವವರೆಗೆ ನೀನು ಕಾಯಬೇಕು. ನಾನು ಮೋಡದ ಕೆಳಗೇ ಇದ್ದೇನೆ.

ಜರುಗುವುದಿಲ್ಲ ಎನ್ನುತ್ತೀ. ಸತ್ತದ್ದು ಜರುಗುವುದಿಲ್ಲ. ಹಿಮನದಿ ಹಿಂದೆ ಸರಿಯುವಾಗ ಬಿಟ್ಟುಹೋದ ತುಂಡು ಇದು, ಕಲ್ಲುಮಣ್ಣು ಹೊದ್ದು ಮಲಗಿದೆ. ಆ ಬಯಲಿನ ಅಂಚಿನಲ್ಲಿ ಒಂದು ಕೊಳವಿತ್ತು. ಸಂಜೆ ಅದರಲ್ಲಿ ಕೈ ತೊಳೆದೆ. ಬೆಳಿಗ್ಗೆ ಅದು ಖಾಲಿ. ಹೊರಗೆ ಹರಿದ ಗುರುತಿಲ್ಲ. ನೀರು ಕೆಳಗೆ ಹೋಗಿದೆ. ಕಿವಿಯಿಟ್ಟರೆ ಕೇಳುತ್ತದೆ. ಮತ್ತೆ, ಹಿಮದ ಲೆಕ್ಕ: ಆ ಬಯಲಿನಲ್ಲಿ ಹಿಮ ನಿಲ್ಲುವುದಿಲ್ಲ, ಗಾಳಿ ಗುಡಿಸಿಕೊಂಡು ಹೋಗುತ್ತದೆ. ನೀನು ಕಳೆದದ್ದು ಹಿಮವಲ್ಲ.

ಕಾಪುವಿನ ಮರಳನ್ನು ನೆನಪಿಸಿದೆ. ನಿಮ್ಮ ಅಪ್ಪನ ಐಸ್ ಪ್ಲಾಂಟ್ ಏಕೆ ನೆನಪಾಗಲಿಲ್ಲ? ಎಂಎಸ್ಸಿಯಲ್ಲಿರುವಾಗ ನನ್ನನ್ನು ಕರೆದುಕೊಂಡು ಹೋಗಿ, ಮರದ ಹುಡಿಯನ್ನು ಕಾಲಿನಿಂದ ಸರಿಸಿ ತೋರಿಸಿದ್ದೆ. "ನೋಡು, ಹೋದ ವಾರದ್ದು. ಮುಚ್ಚಿಟ್ಟದ್ದು ನಿಧಾನ ಹೋಗ್ತದೆ, ಹೋಗುದಿಲ್ಲ ಅಂತ ಅಲ್ಲ." ಕಾರ್ಕಳದ ಕಲ್ಲಿನ ನಡುವೆ ಬೆಳೆದವಳಿಗೆ ಮಂಜುಗಡ್ಡೆಯ ಬಗ್ಗೆ ಸಿಕ್ಕ ಮೊದಲ ಪಾಠ ಅದು.

ಆಂಗ್ಮೊಳ ಬಳಿ ಮಾತನಾಡಿದೆ. ಅವಳು ಕುರಿಯ ಉಣ್ಣೆ ಬಿಡಿಸುತ್ತ ಕೇಳಿಸಿಕೊಂಡಳು.

"ನಕ್ಷೆ ತಂದು ಕೊಟ್ಟವರು ನೀವೇ ಅಲ್ಲವೇ ದೀದಿ? ಇದು ನನ್ನ ಕಣ್ಣಿಗಿಂತ ದೊಡ್ಡ ಕಣ್ಣು ಎಂದಿರಿ. ನಾವು ಚಹಾ ಕೊಟ್ಟು, ಮೊಳೆ ಹೊಡೆದು ತೂಗುಹಾಕಿದೆವು. ಈಗ ಸಲಿಕೆ ಹಿಡಿದುಕೊಂಡು ಬಂದು ಬೇಡ ಎನ್ನುತ್ತೀರಿ."

"ಹೌದು, ಬೇಡ."

"ಹಾಗಾದರೆ ದೊಡ್ಡ ಕಣ್ಣೇ ಬೇಡ ಎಂದು ಬರೆಯಲಿ. ನಾಳೆ ಗಂಡಸರು ನನ್ನನ್ನು ಕೇಳುತ್ತಾರೆ. ಮಣಿಪಾಲದ ಕಾಗದ ಇದ್ದರೆ ತೋರಿಸುತ್ತೇನೆ. ನಿಮ್ಮ ಗುಂಡಿಯನ್ನು ಎತ್ತಿ ತರಲು ಆಗುವುದಿಲ್ಲವಲ್ಲ."

ದೊರ್ಜೆ ಬಾಗಿಲಲ್ಲಿ ನಿಂತು ನಗುತ್ತಿದ್ದ. "ಒಟ್ಟಿನಲ್ಲಿ ದೀದಿ ನಮಗೆ ವಾಲಿಬಾಲ್ ಆಡಲು ಬಿಡುವುದಿಲ್ಲ."

ಆಲೂಗಡ್ಡೆ ಅಗೆದು ಮುಗಿಯುವವರೆಗೆ ಕಾಯುತ್ತಾರಂತೆ. ಆಮೇಲೆ ಹಿಮ ಬೀಳುವ ಮುಂಚೆ ಗೋಡೆ ಏಳಬೇಕು. ಪ್ರಣೀತಾ ನಾಲ್ಕು ವರ್ಷ ಕುಳಿತಿದ್ದಾಳೆ, ಸರಿ. ಇವರು ಅದರ ಮೇಲೆ ಮಕ್ಕಳನ್ನು ಮಲಗಿಸುತ್ತಾರೆ.

ಜೋಸ್ಲಿನ್


ಮಣಿಪಾಲ
28 ಆಗಸ್ಟ್ 2024

ಪ್ರೀತಿಯ ಜೋಸ್ಲಿನ್,

ಮೊನ್ನೆ ನಿನ್ನ ಅಣ್ಣ ಅಲೆಕ್ಸ್ ಸಿಕ್ಕಿದ್ದ. ನಮ್ಮ ವಿಭಾಗದ ಹೊಸ ಕಟ್ಟಡಕ್ಕೆ ಕಾರ್ಕಳದಿಂದ ಕಲ್ಲಿನ ಫಲಕ ತಂದಿದ್ದ. ಅದರಲ್ಲಿ ಕೆತ್ತಿದ ಹೆಸರುಗಳ ನಡುವೆ ನನ್ನದೂ ಇದೆ. ಕಲ್ಲಿನಲ್ಲಿ ನಮ್ಮ ಹೆಸರನ್ನು ನಾವೇ ಓದಿಕೊಳ್ಳುವುದು ಹಿತವಾದ ಅನುಭವವೇನಲ್ಲ. ಇಳಿಸಿ ಆದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಕೇಳಿದ:

"ಜೋಸ್ಲಿನ್ ಎಂತ ಹೇಳ್ತಾಳೆ? ಎರಡೂ ಮೊಣಕಾಲು ಹೋಗಿ ಆಯ್ತು ಅವಳದ್ದು. ಡಾಕ್ಟ್ರು ಹತ್ತಲೇಬಾರದು ಅಂದಿದ್ದಾರೆ. ಇದು ಲಾಸ್ಟ್ ಅಂತ ಹೇಳಿ ಹೋಗಿದ್ದಾಳೆ. ನಿಮ್ಮಲ್ಲಿ ಹೇಳ್ಲಿಲ್ವಾ?"

"ಹೇಳಿದ್ದಾಳೆ," ಎಂದೆ. ನಮ್ಮಿಬ್ಬರ ಮಾನ ಉಳಿಯಲಿ ಎಂದು.

ನೀನು ಏಕೆ ಹೇಳಲಿಲ್ಲವೆಂದು ಕೇಳುವುದಿಲ್ಲ. ಆದರೆ ನಿನ್ನ ಕಾಗದಗಳ ಅವಸರ ಈಗ ಅರ್ಥವಾಯಿತು. ಇಷ್ಟು ವರ್ಷ ಹತ್ತಿಳಿದ ಬೆಟ್ಟವನ್ನು ಬಿಟ್ಟು ಬರುವಾಗ ಏನಾದರೂ ಕೊನೆಯದೊಂದನ್ನು ಕಂಡುಹಿಡಿಯಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಅದರಲ್ಲಿ ತಪ್ಪಿಲ್ಲ. ಒಂದು ಮಾತು ಮಾತ್ರ: ಕಡೆಯ ಸಲ ನೋಡುವವರ ಕಣ್ಣಿಗೆ ಎಲ್ಲವೂ ಕುಸಿಯುತ್ತಿರುವಂತೆ ಕಾಣುತ್ತದೆ.

ಪ್ರಣೀತಾಗೆ ನಿನ್ನ ಗುಂಡಿಗಳ ವಿಷಯ ಹೇಳಿದೆ. ಅವಳು ಅತ್ತಳು. ಪ್ರಬಂಧ ಒಪ್ಪಿಸಿಯಾಗಲಿ, ಪರಿಷ್ಕೃತ ನಕ್ಷೆ ಮಾಡಿಯೇ ಮಾಡುತ್ತೇವೆ.

ಕಡಿಯಾಳಿಯ ಪಂಡಿತರ ಅಂಗಡಿಯಿಂದ ಮೊಣಕಾಲಿನ ತೈಲ ಕಳಿಸುತ್ತಿದ್ದೇನೆ. ಬಿಸಿ ಮಾಡಿ ಹಚ್ಚಬೇಕು. ಶಿಬಿರಕ್ಕೆ ತಲುಪುವುದು ತಡವಾದೀತೆಂದು ಪಂಚಾಯತಿಯ ವಿಳಾಸಕ್ಕೇ ರಿಜಿಸ್ಟರ್ಡ್ ಮಾಡಿದ್ದೇನೆ.

ನಿನ್ನ
ಕುಶಲಾ


ಕೆಳಗಿನ ಊರು
19 ಸೆಪ್ಟೆಂಬರ್ 2024

ಕುಶಲಾ,

ಮಣಿಪಾಲದಿಂದ ರಿಜಿಸ್ಟರ್ಡ್ ಬಂದಿದೆ ಎಂದು ದೊರ್ಜೆ ಶಿಬಿರಕ್ಕೆ ಓಡಿಬಂದು ಹೇಳಿದ. ನಾನು ಇಳಿದು ಬರುವ ಹೊತ್ತಿಗೆ ಪಂಚಾಯತಿ ಕೋಣೆ ತುಂಬಿತ್ತು. ಆಲೂಗಡ್ಡೆ ಬಿಟ್ಟು ಬಂದಿದ್ದರು. ಆಂಗ್ಮೊ ಎಲ್ಲರೆದುರು ಕತ್ತರಿಯಿಂದ ಹೊಲಿಗೆ ಬಿಚ್ಚಿದಳು. ಬಟ್ಟೆ, ಅದರೊಳಗೆ ಪೇಪರು, ಅದರೊಳಗೆ ಬಾಟಲಿ.

ದೊರ್ಜೆ ಮೂಸಿ ನೋಡಿ, "ನೆಲಕ್ಕೆ ಹಚ್ಚುವುದೋ ದೀದಿ?" ಎಂದ. ಆಗ ನಕ್ಕರು. ನಾನೂ ನಕ್ಕೆ.

ನಾಳೆ ಅಡಿಪಾಯದ ಕಲ್ಲು ಇಡುತ್ತಾರೆ. ನಾನು ಮನಾಲಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ, ಚಳಿಗಾಲ ಅಲ್ಲಿಯೇ. ಕಾರ್ಕಳಕ್ಕೆ ಬರುವುದಿಲ್ಲ. ಅಲೆಕ್ಸ್ ಕೇಳಿದರೆ ಹಾಗೆ ಹೇಳು.

ತೈಲ ಚೆನ್ನಾಗಿದೆಯಂತೆ. ಆಂಗ್ಮೊಳ ಅತ್ತೆಗೆ ಕೊಟ್ಟೆ.

ಜೋಸ್ಲಿನ್


ಕಾಪು
24 ನವೆಂಬರ್ 2024

ಜೋಸ್ಲಿನ್,

ಎರಡು ತಿಂಗಳು ನಿನಗೆ ಬರೆಯಲಿಲ್ಲ. ಬರೆಯಲು ಕುಳಿತಾಗಲೆಲ್ಲ ಆ ಬಾಟಲಿ ಅಡ್ಡ ಬರುತ್ತಿತ್ತು.

ತಮ್ಮ ಸುಂದರನ ಮನೆಗೆ ಬಂದಿದ್ದೇನೆ. ಐಸ್ ಪ್ಲಾಂಟಿಗೆ ಈಗ ಅವನೇ ಯಜಮಾನ, ಮರದ ಹುಡಿ ಇಲ್ಲ, ಥರ್ಮೋಕೋಲು. ಬೆಳಿಗ್ಗೆ ದೀಪಸ್ತಂಭದ ಕಡೆಗೆ ನಡೆದೆವು. ದೀಪಾವಳಿ ಕಳೆದು ಮೂರು ವಾರವಾದರೂ ಮರಳು ಬಂದಿಲ್ಲ. ತಡೆಗೋಡೆಯ ಕಲ್ಲುಗಳ ಬುಡದಲ್ಲಿ ನೀರು ಆಡುತ್ತಿದೆ. ಸಾಲಿನ ಎರಡು ತೆಂಗು ಮಲಗಿವೆ.

"ಬರ್ತದೆ ಅಕ್ಕ," ಎಂದ ಸುಂದರ. "ಎಲ್ಲಿಗೆ ಹೋಗ್ತದೆ ಅದು? ಸಂಕ್ರಾಂತಿಯೊಳಗೆ ಬರ್ತದೆ."

"ಕಳೆದ ವರ್ಷ ಎಷ್ಟು ಬಂತು?"

"ಸ್ವಲ್ಪ."

"ಅದರ ಹಿಂದಿನ ವರ್ಷ?"

"ಎಂತ ನೀನು, ಇಲ್ಲಿಗೂ ಸ್ಯಾಟಲೈಟ್ ತಂದಿದ್ದೀಯಾ? ಬಾ, ಬಂಗುಡೆ ತಣ್ಣಗಾಗ್ತದೆ."

ಇಲ್ಲಿಗೆ ಬರುವ ಮುಂಚೆಯೇ, ಕಳೆದ ವಾರ, ನಾನೇ ಕುಳಿತು ಲೆಕ್ಕವನ್ನು ಮತ್ತೆ ಮಾಡಿದ್ದೆ. ಈ ಸಲ ಎರಡೂ ಸೆಪ್ಟೆಂಬರಿನ ಚಿತ್ರಗಳು. ಹಿಮದ ನೆಪವಿಲ್ಲ. ಹಸಿರಿನೊಳಗೆ ನೆಲ ತಗ್ಗುತ್ತಲೇ ಇದೆ. ನೀನು ಹೇಳಿದ್ದು ಸರಿ. ಗೊತ್ತಾದ ಮೇಲೆ ಕಾಪುವಿಗೆ ಏಕೆ ಬಂದೆನೋ ತಿಳಿಯದು. ಇಲ್ಲಾದರೂ ಮರಳು ಬಂದಿರುತ್ತದೆ ಎಂದಿರಬೇಕು.

ಪಂಚಾಯತಿಗೆ ಕಾಗದ ಕಳಿಸಿದ್ದೇನೆ. ಹಿಂದಿಯಲ್ಲಿ, ಸಹಿ ಮೊಹರಿನೊಂದಿಗೆ. ನೀನು ಕೇಳಿದಂತೆ ಎರಡೇ ಸಾಲು.

ಕುಶಲಾ


ಮನಾಲಿ
15 ಡಿಸೆಂಬರ್ 2024

ಪ್ರೀತಿಯ ಕುಶಲಾ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ಆಮೇಲೆ ಕುಳಿತು ಮತ್ತೊಮ್ಮೆ.

ಒಳಕಣಿವೆಯ ದಾರಿ ಮುಚ್ಚಿದೆ. ನಿನ್ನ ಎರಡು ಸಾಲು ಕೆಳಗಿನ ಪೇಟೆಯ ಅಂಚೆಕಚೇರಿಯಲ್ಲಿ ಹಿಮ ಕರಗುವುದನ್ನು ಕಾಯುತ್ತಿರಬೇಕು. ಅಡ್ಡಿಯಿಲ್ಲ. ಗುಡಿಸಲುಗಳು ಎದ್ದಿವೆ, ಆದರೆ ಈಗ ಅಲ್ಲಿ ಯಾರೂ ಇಲ್ಲ, ಜೂನ್ ತನಕ ಹೋಗುವುದಿಲ್ಲ. ಮೊನ್ನೆ ಆಂಗ್ಮೊಳ ಫೋನು ಸಿಕ್ಕಿತು. ಮಣಿಪಾಲದಿಂದ ಕಾಗದ ಹೊರಟಿದೆ, ನಿಜವಾದ ಕಾಗದ, ಬಾಟಲಿ ಅಲ್ಲ, ಎಂದೆ. ಅದರಲ್ಲಿ ಏನು ಬರೆದಿದೆಯೋ ಹಾಗೆಯೇ ಮಾಡಿ ಎಂದೆ. ಹಾಗೆಯೇ ಮಾಡುತ್ತೇವೆ ಎಂದು ಅವಳು ಮಾತು ಕೊಟ್ಟಳು.

ಮೊಣಕಾಲಿನ ವಿಷಯ ನಿನಗೆ ಹೇಳದಿದ್ದದ್ದು, ಹೇಳಿದರೆ ನೀನು ನನ್ನನ್ನು ಕಳಿಸುವುದಿಲ್ಲವೆಂದು. ಅಷ್ಟೇ ಮಾರಾಯ್ತಿ. ಇಲ್ಲಿ ಮೆಟ್ಟಿಲಿಲ್ಲದ ಕೋಣೆ ಸಿಕ್ಕಿದೆ. ಕಿಟಕಿಯಲ್ಲಿ ಒಂದು ಸೇಬಿನ ಮರ, ಎಲೆಯಿಲ್ಲ. ಪ್ರಣೀತಾಗೆ ಸಮಾಧಾನ ಹೇಳು. ಆ ಅಧ್ಯಾಯ ಹೋದರೂ ಹುಡುಗಿ ಉಳಿಯುತ್ತಾಳೆ. ಹೊಸದು ಬರೆಯಲು ನನ್ನ ಗುಂಡಿಗಳ ಮಾಹಿತಿಯನ್ನೆಲ್ಲ ಅವಳಿಗೇ ಕೊಡುತ್ತೇನೆ.

ಕ್ರಿಸ್ಮಸ್ಸಿಗೆ ಅಲೆಕ್ಸನ ಮನೆಯಿಂದ ನಿನಗೆ ಹಬ್ಬದ ತಿಂಡಿ, ಕುಸ್ವಾರ್ ಬರುತ್ತದೆ. ಅದರಲ್ಲಿರುವ ನೆವ್ರಿಯನ್ನು ನಿನ್ನ ಲ್ಯಾಬಿನವರಿಗೆ ಕೊಡಬೇಡ, ಮುಗಿಸಿಬಿಡುತ್ತಾರೆ.

ನಿನ್ನ
ಜೋಸ್ಲಿನ್


ಮಣಿಪಾಲ
11 ಮಾರ್ಚ್ 2025

ಜೋಸ್ಲಿನ್,

ಕುಸ್ವಾರಿಗೆ ಉತ್ತರ ಬರೆಯಲು ಇಷ್ಟು ತಡ. ಕೆಲಸಗಳು.

ಪ್ರಣೀತಾಳ ಮೌಖಿಕ ಪರೀಕ್ಷೆ ನಿನ್ನೆ ಮುಗಿಯಿತು. ಹೊರಗಿನಿಂದ ಬಂದ ಪರೀಕ್ಷಕರು ನಕ್ಷೆಗಳನ್ನು ಬಹಳ ಹೊಗಳಿದರು. ಹುಡುಗಿ ಸೀರೆಯುಟ್ಟು ಬಂದಿದ್ದಳು. ಅವಳ ಅಪ್ಪ ಕೆಮ್ಮಣ್ಣು ಊರಿನಿಂದ ಒಂದು ಬುಟ್ಟಿ ಎಳನೀರು ತಂದಿದ್ದರು. ಎಲ್ಲರೂ ನಿಂತು ಕುಡಿದೆವು.

ಇಲ್ಲಿ ಸೆಕೆ ಶುರುವಾಗಿದೆ. ಮಕ್ಕಳು ಮೇಲೆ ಹೋಗುವುದಕ್ಕೆ ಮುಂಚೆ ನನ್ನ ಕಾಗದ ಅವರಿಗೆ ತಲುಪುತ್ತದೆ ಎಂಬ ನಿಶ್ಚಿಂತೆಯಲ್ಲಿದ್ದೇನೆ.

ಕುಶಲಾ


ಕೆಳಗಿನ ಊರು
20 ಮೇ 2025

ಕುಶಲಾ,

ಪಂಚಾಯತಿಗೆ ನೀನು ಕಳಿಸಿದ ಕಾಗದ ಏಪ್ರಿಲ್ ಕೊನೆಗೆ ಬಂದಿದೆ. ನಾನು ಇಲ್ಲಿಗೆ ಬಂದದ್ದು ಮೊನ್ನೆ. ಆಂಗ್ಮೊ ಅದನ್ನು ನನ್ನ ಕೈಗೆ ಕೊಟ್ಟಳು. ನೀನು ಮರೆತಿರಬಹುದು, ಇಲ್ಲಿ ಬರೆಯುತ್ತೇನೆ.

"ನಕ್ಷೆಯಲ್ಲಿ ಸ್ಥಿರ ನೆಲ ಎಂದು ಗುರುತಿಸಲಾದ ಭಾಗದ ಕೆಲವೆಡೆಗಳಲ್ಲಿ ಅನಿಶ್ಚಿತತೆ ಇರುವ ಸಾಧ್ಯತೆಯನ್ನು ತಮ್ಮ ಗಮನಕ್ಕೆ ತರಲಾಗಿದೆ. ಪರಿಷ್ಕೃತ ಆವೃತ್ತಿಯನ್ನು ಸಕಾಲದಲ್ಲಿ ಒದಗಿಸಲಾಗುವುದು."

ಎರಡೇ ಸಾಲು.

ಶಾಲೆಯ ಮಾಸ್ತರರನ್ನು ಕರೆಸಿ ಮತ್ತೆ ಮತ್ತೆ ಓದಿಸಿದರಂತೆ. "ಬೇಡ ಎಂದು ಎಲ್ಲಿದೆ?" ಎಂದು ಆಂಗ್ಮೊ ಕೇಳಿದಳಂತೆ. ಮಾಸ್ತರರು ಹುಡುಕಿದರು, ಇರಲಿಲ್ಲ. ಕಾಗದದಲ್ಲಿ ಇದ್ದಂತೆಯೇ ಮಾಡುತ್ತೇವೆಂದು ನನಗೆ ಮಾತು ಕೊಟ್ಟಿದ್ದಳಲ್ಲ, ಹಾಗೆಯೇ ಮಾಡಿದಳು. ಚಳಿಗಾಲದ ಗಾಳಿ ಕಿತ್ತ ಗುಡಿಸಲುಗಳ ಮಾಡು ಸರಿಪಡಿಸಲು ದೊರ್ಜೆಯನ್ನೂ ಇನ್ನೊಬ್ಬನನ್ನೂ ಮೇಲೆ ಕಳಿಸಿದಳು.

ಮಧ್ಯಾಹ್ನ ದೊರ್ಜೆ ಒಳಗೆ ರೊಟ್ಟಿ ತಿನ್ನುತ್ತಿದ್ದಾಗ ನೆಲ ಕುಸಿಯಿತು. ಗುಡಿಸಲಿನ ಅರ್ಧ ಒಳಗೆ ಹೋಯಿತು. ಕೆಳಗೆ ನೀರು ಕೊರೆದ ದೊಡ್ಡ ಪೊಳ್ಳು. ಹೊರಗಿದ್ದವನು ಊರಿಗೆ ಓಡಿಬಂದು ಜನ ಕರೆದುಕೊಂಡು ಹೋದ. ಹಗ್ಗ ಇಳಿಸಿ ಎತ್ತಿದರು. ಬದುಕಿದ್ದಾನೆ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಚಂಡೀಗಢದಿಂದ ನಿನ್ನೆ ಮರಳಿ ತಂದು ಮಲಗಿಸಿದ್ದಾರೆ. ನನ್ನನ್ನು ನೋಡಿ, "ನೀವು ಗುಂಡಿ ಅಗೆದದ್ದು ಸಾಲಲಿಲ್ಲ ದೀದಿ," ಎಂದ. ತಮಾಷೆಗೆ ಹೇಳಿದ್ದು. ಅವನಿಗೆ ಬೇರೆ ರೀತಿಯಲ್ಲಿ ಮಾತಾಡಲು ಬರುವುದಿಲ್ಲ.

ಆ ಕಾಗದದಲ್ಲಿ ಏನಿದೆ ಎಂದು ನಾನು ಡಿಸೆಂಬರಿನಲ್ಲಿ ನಿನ್ನನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೇ ಇಲ್ಲ.

ಜೋಸ್ಲಿನ್


ಮಣಿಪಾಲ
2 ಜೂನ್ 2025

ಜೋಸ್ಲಿನ್,

ನಿನ್ನ ಕಾಗದ ಓದಿದಂದಿನಿಂದ ಯಾವುದರಲ್ಲೂ ಮನಸ್ಸಿಲ್ಲ. ಆ ಹುಡುಗನ ವಿಷಯ ಕೇಳಿ ಬಹಳ ಸಂಕಟವಾಯಿತು. ಅವನ ಮನೆಯವರಿಗೆ ನನ್ನ ಪರವಾಗಿ ಹೇಳು. ಏನು ಹೇಳಬೇಕೆಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಆ ವಾಕ್ಯಗಳು ಪೂರ್ತಿ ನನ್ನವಲ್ಲ. ನಾನು ಬರೆದುಕೊಟ್ಟದ್ದು ಕಚೇರಿಯಲ್ಲಿ ಮೂರು ಮೇಜು ದಾಟಿ ಹಾಗೆ ಹೊರಬಂತು. ಕೊನೆಗೆ ಸಹಿ ಮಾಡುವಾಗ ಓದಿದೆ. ಇದಕ್ಕಿಂತ ಸ್ಪಷ್ಟವಾಗಿ ಬರೆದರೆ ಮೂರನೆಯ ಅಧ್ಯಾಯ ಉಳಿಯುತ್ತಿರಲಿಲ್ಲ. ಜೂನ್ ತನಕ ಯಾರೂ ಅಲ್ಲಿಗೆ ಹೋಗುವುದಿಲ್ಲವೆಂದು ನೀನೇ ಬರೆದಿದ್ದೆ. ಅಷ್ಟರಲ್ಲಿ ಪರಿಷ್ಕೃತ ನಕ್ಷೆ ಕಳಿಸಬಹುದೆಂದು ನಂಬಿದ್ದೆ.

ಒಂದು ವಿಷಯ ತಿಳಿಸಬೇಕು. ಇಲ್ಲಿ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ಕುಸಿದ ಗುಡಿಸಲು ಹಸಿರು ಬಣ್ಣದ ಅಂಚಿನಲ್ಲಿತ್ತೋ, ಒಳಗಿತ್ತೋ? ಅಂಚಿನಲ್ಲಿದ್ದರೆ ಅದು ಪಿಕ್ಸೆಲ್ಲಿನ ಮಿತಿ. ಒಂದು ಪಿಕ್ಸೆಲ್ ಆಚೀಚೆ ಆಗುವುದನ್ನು ಎಲ್ಲರೂ ಒಪ್ಪುತ್ತಾರೆ. ನಿನ್ನ ಬಳಿ ಜಿಪಿಎಸ್ ಇರುವುದರಿಂದ ಕೇಳುತ್ತಿದ್ದೇನೆ.

ಈ ಸಲ ಮಳೆ ಬೇಗನೆ ಹಿಡಿದಿದೆ. ಸಂಕ್ರಾಂತಿಗೂ ಮರಳು ಬಂದಿರಲಿಲ್ಲ. ಸುಂದರ ಬಾವಿಯ ನೀರು ಉಪ್ಪಾಗಿದೆ ಎನ್ನುತ್ತಾನೆ, ಮನೆ ಬಿಡುವುದಿಲ್ಲ ಎನ್ನುತ್ತಾನೆ.

ಕುಶಲಾ


ಚೊಕ್ಸಾ
19 ಜೂನ್ 2025

ಕುಶಲಾ,

ಮೇಲೆ ಹೋಗಿ ಅಳೆದು ಬಂದೆ. ಹೋಗಲು ನನಗೆ ಎರಡು ದಿನ ಬೇಕಾಯಿತು.

ನಡುವೆ. ಯಾವ ಕಡೆಯ ಅಂಚಿನಿಂದ ಅಳೆದರೂ ನಡುವೆ.

ಪ್ರಣೀತಾಳ ಕಾಗದ ನಿನ್ನೆ ತಲುಪಿತು. ಪ್ರಬಂಧ ಪುಸ್ತಕವಾಗುತ್ತಿದೆಯಂತೆ. ಮೂರನೆಯ ಅಧ್ಯಾಯದ ಹಸಿರು ನೆಲದಲ್ಲಿ ಈಗ ಗುಡಿಸಲುಗಳು ಎದ್ದಿವೆಯೆಂದು ಕೇಳಿ ಬಹಳ ಖುಷಿಯಾಯಿತಂತೆ. ಮುಖಪುಟಕ್ಕೆ ಅದರ ಒಂದು ಫೋಟೋ, ಸಾಧ್ಯವಾದರೆ ಮಕ್ಕಳು ಆಡುತ್ತಿರುವುದು, ಕಳಿಸಬಹುದೇ ಮೇಡಂ ಎಂದು ಕೇಳಿದ್ದಾಳೆ. ನನ್ನ ಗುಂಡಿಗಳ ಬಗ್ಗೆ ಒಂದು ಅಕ್ಷರವೂ ಇಲ್ಲ.

ಗುಂಡಿಗಳ ವಿಷಯ ಹೇಳಿದಾಗ ಅತ್ತಳು ಎಂದು ನೀನು ಬರೆದಿದ್ದೆ.

ಕುಸಿದ ಗುಡಿಸಲಿನ ಫೋಟೋ ತೆಗೆದಿದ್ದೇನೆ. ಅವಳಿಗೇ ಕಳಿಸುತ್ತಿದ್ದೇನೆ.

ಜೋಸ್ಲಿನ್